ಅಳಿಸಿದ ‘ದಿ॥’

ಚಿಕ್ಕಮ್ಮ ಗೋಡೆಯ ಅಮೃತಶಿಲೆಗೆ ಮೂಗು ತಾಗಿಸಿ ಮೂಸುತ್ತಿದ್ದಳು. ಹಿಂದೆ ನಿಂತಿದ್ದ ನಾನು ಅತ್ತಿತ್ತ ಕಣ್ಣಾಡಿಸಿದೆ. ಆ ಹೊತ್ತಿನಲ್ಲಿ ತರುಣ ಮಂಡಳಿಯ ಮುಂದಿನ ಹಾಲಿನಲ್ಲಿ ಯಾರೂ ಇರಲಿಲ್ಲ, ನಮ್ಮ ಪುಣ್ಯ. ಇದ್ದಿದ್ದರೂ ನಮ್ಮನ್ನು ಮಾತಾಡಿಸುತ್ತಿರಲಿಲ್ಲ ಅನ್ನಿ.

ಹೋದ ವಾರ ಇದೇ ಜಾಗದಲ್ಲಿ, ಮಂಡಳಿಯ ಹುಡುಗ ಹುಡುಗಿಯರೆಲ್ಲರ ಎದುರಿಗೆ, ದಾನಿಯೊಬ್ಬರ ದತ್ತಿಯ ಕಲ್ಲನ್ನು ಕೆಡಿಸಿದವರು ವ್ಯಾಯಾಮದ ಮೇಷ್ಟ್ರೇ ಎಂದು ಅವಳು ಬೆರಳು ಮಾಡಿ ತೋರಿಸಿದ್ದಳು. ಆ ಬೆರಳಿಗೆ ಬಲ ಕೊಟ್ಟಿದ್ದು ನನ್ನ ಫೋಟೋ. ವಾರ್ಷಿಕೋತ್ಸವಕ್ಕೆಂದು ಈ ಹಾಲ್‌ನ ಚಿತ್ರ ತೆಗೆಯಲು ಅವತ್ತು ಬೆಳಿಗ್ಗೆ ಬೇಗ ಬಂದಿದ್ದೆ. ಮೇಷ್ಟ್ರು ಆ ಕಲ್ಲಿನ ಮೇಲೆ ಅಂಗೈ ಊರಿ ನಿಂತಿದ್ದರು, ತೋಳಿನ ತುಂಬಾ ಬಿಳಿ ಪುಡಿ. ನಾನು ಕ್ಲಿಕ್ ಮಾಡಿದೆ. ಅಷ್ಟಕ್ಕೇ ನನ್ನನ್ನು ನಾನೇ ದೊಡ್ಡ ಪತ್ತೇದಾರ ಅಂದುಕೊಂಡುಬಿಟ್ಟೆ.

ನನ್ನದು ಸ್ಟುಡಿಯೋ ಕೆಲಸ. ಪಾಸ್‌ಪೋರ್ಟ್ ಫೋಟೋದಲ್ಲಿ ಜನರ ಕಿವಿ ಕಾಣುವಂತೆ ಕೂರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದಕ್ಕಿಂತ ಆಚೆಗೆ ಕೈಹಾಕಬಾರದಿತ್ತು.

ಚಿಕ್ಕಮ್ಮ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುತ್ತಾ ಆಯಸ್ಸು ಸವೆಸಿದವಳು. ಊರಿನವರ ಬಾಯಲ್ಲಿ ಅವಳು ಕ್ಲೇಮಮ್ಮ. ನಿವೃತ್ತಿಯಾದ ಮೇಲೂ ಜನ ಕರೆಯುತ್ತಾರೆ, ಅವಳು ಹೋಗುತ್ತಾಳೆ, ಸ್ಕೂಟರ್ ಓಡಿಸಲು ಅಕ್ಕನ ಮಗನಾದ ನಾನು. ಅವಳು ತಪ್ಪಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮನೆಗೆ ಹೋದ ಮೇಲೆ ಅವಳಿಗೂ ಅನುಮಾನ ಬಂತು, ಊಟ ಸೇರಲಿಲ್ಲ. ಬೈಸಿಕೊಂಡ ಮನುಷ್ಯ ಒಂದೇ ಒಂದು ಮಾತು ಎದುರಾಡಲಿಲ್ಲವಲ್ಲ, ಅದು ಅವಳ ಎದೆಯಲ್ಲಿ ಕೂತಿತ್ತು. “ನೀವೇ ಹೇಳಿದ ಮೇಲೆ ಮುಗೀತಲ್ಲಮ್ಮ,” ಎಂದಷ್ಟೇ ಹೇಳಿ ಮೇಷ್ಟ್ರು ಮಕ್ಕಳ ಕಡೆ ನೋಡದೆ ಒಳಗೆ ಹೋಗಿದ್ದರು.

ಇವತ್ತು ಸಂಜೆ ವಿಶ್ವಸ್ತರ ಸಭೆ. ಮೇಷ್ಟ್ರನ್ನು ತೆಗೆದುಹಾಕುವುದೊಂದೇ ವಿಷಯ. ತಲೆಗೂದಲು ಕಪ್ಪಗಿದ್ದಾಗಿನಿಂದ ಅವರು ಇದ್ದದ್ದು ಮಂಡಳಿಯ ಗರಡಿಯ ಹಿಂದಿನ ಒಂಟಿ ಕೋಣೆಯಲ್ಲಿ. ಬೇರೆ ಮನೆಯಿಲ್ಲ, ಸಂಸಾರವಿಲ್ಲ. ಇಲ್ಲಿಂದ ಹೊರಟರೆ ಕಲ್ಲು ಕೆಡಿಸಿದವನೆಂಬ ಹೆಸರು ಹೊತ್ತು ಬೀದಿಗೇ ಹೋಗಬೇಕು.

“ಬಾ ಇಲ್ಲಿ. ನಿನ್ನ ಫೋಟೋ ತೆಗಿ,” ಎಂದಳು ಚಿಕ್ಕಮ್ಮ.

ನಾನು ಫೋಟೋವನ್ನು ಕಲ್ಲಿನ ಪಕ್ಕ ಹಿಡಿದೆ. ಚಿತ್ರದಲ್ಲಿ ಉಜ್ಜಿದ ಜಾಗ ಬೆಳ್ಳಗಿತ್ತು. ಈಗ ಅದರ ಸುತ್ತ ಹಳದಿ ಛಾಯೆಯೊಂದು ಹರಡಿತ್ತು, ಬಟ್ಟೆಯ ಮೇಲೆ ಚೆಲ್ಲಿದ ಎಣ್ಣೆ ಮಾರನೇ ದಿನ ಕಾಣಿಸಿಕೊಳ್ಳುತ್ತದಲ್ಲ, ಹಾಗೆ. ನಾನೂ ಮೂಸಿದೆ. ಯಂತ್ರಕ್ಕೆ ಹಾಕುವ ಎಣ್ಣೆ.

ಅರದಿಂದ ಉಜ್ಜಿದರೆ ಗೀರು ಬೀಳುತ್ತದೆ, ಉಳಿಯಿಂದ ಹೊಡೆದರೆ ಚೂರು ಏಳುತ್ತದೆ ಎಂದು ಚಿಕ್ಕಮ್ಮ ಬಿಡಿಸಿ ಹೇಳಿದಳು. ಇಲ್ಲಿ ಎರಡೂ ಇಲ್ಲ. ಅಲಗು ಹರಿತ ಮಾಡುವ ಸಾಣೆಕಲ್ಲಿನಿಂದ, ಎಣ್ಣೆ ಕುಡಿದ ಸಾಣೆಕಲ್ಲಿನಿಂದ, ತಾಳ್ಮೆಯಾಗಿ ತಿಕ್ಕಿದ್ದಾರೆ. ಗರಡಿಯಲ್ಲಿ ಹರಿತ ಮಾಡುವಂಥದ್ದು ಏನಿದೆ? ಮೇಷ್ಟ್ರು ಆ ಬೆಳಿಗ್ಗೆ ಬಂದು ಕೆಟ್ಟ ಕಲ್ಲನ್ನು ಕಂಡಿದ್ದಾರೆ, ಕೈಯಿಂದ ಸವರಿದ್ದಾರೆ, ಪುಡಿ ಮೆತ್ತಿಕೊಂಡಿದೆ. ಅಷ್ಟೇ.

ನನಗೆ ಮುಖ ಎತ್ತಲಾಗಲಿಲ್ಲ. ಆ ಫೋಟೋದ ಪ್ರತಿಗಳನ್ನು ಕೇಳಿದವರಿಗೆಲ್ಲ ಕೊಟ್ಟಿದ್ದೆ, ಪುಕ್ಕಟೆಯಾಗಿ.

“ಇನ್ನೊಂದಿದೆ. ಎಲ್ಲಿ ಅಳಿಸಿದ್ದಾರೆ ನೋಡು,” ಎಂದಳು.

ಅದು ಪ್ರೆಸ್ಸಿನ ಯಜಮಾನರು ತಮ್ಮ ಒಬ್ಬನೇ ಮಗನ ನೆನಪಿಗೆ ಇಟ್ಟ ದತ್ತಿಯ ಕಲ್ಲು. ಈ ಮಂಡಳಿ ನಡೆಯುವುದೇ ದತ್ತಿಗಳ ಮೇಲೆ. ಕೊಟ್ಟವರ ಗಂಟನ್ನು ಯಾರೂ ಮುಟ್ಟುವಂತಿಲ್ಲ, ಬರುವ ಬಡ್ಡಿಯಲ್ಲೇ ಎಲ್ಲವೂ. ಒಬ್ಬರ ಬಡ್ಡಿಯಲ್ಲಿ ವಾಚನಾಲಯ, ಇನ್ನೊಬ್ಬರದರಲ್ಲಿ ಬ್ಯಾಂಡ್ ಸೆಟ್ಟು. ಯಜಮಾನರ ದತ್ತಿಯಿಂದ ಇಲ್ಲಿ ವೈರಿಂಗು, ಕೊಳಾಯಿ, ಮರಗೆಲಸ ಕಲಿತು ಹೊರಡುವ ಪ್ರತಿಯೊಬ್ಬರಿಗೂ ಒಂದು ಉಪಕರಣದ ಪೆಟ್ಟಿಗೆ. ಮುಚ್ಚಳದ ಒಳಗೆ ಆ ಹುಡುಗನ ಹೆಸರು, ಅದರ ಮುಂಚೆ ‘ದಿ॥’, ಕೆಳಗೆ ‘ಸ್ಮರಣಾರ್ಥ’. ಊರಿನ ಅರ್ಧ ಎಲೆಕ್ಟ್ರಿಷಿಯನ್ನರು ಹೊತ್ತು ತಿರುಗುವುದು ಅದೇ ಪೆಟ್ಟಿಗೆ.

ಕಲ್ಲಿನ ಮೇಲೂ ಅದೇ ಸಾಲು. ಹೆಸರು ನೆಟ್ಟಗಿತ್ತು, ‘ಸ್ಮರಣಾರ್ಥ’ ನೆಟ್ಟಗಿತ್ತು. ಹೋಗಿದ್ದು ಮೊದಲಿನ ಒಂದಕ್ಷರ, ಅದರ ಪಕ್ಕದ ಎರಡು ಗೀಟು. ಹೆಸರನ್ನೇ ಅಳಿಸಲು ಬಂದವರು ಎಡಗಡೆಯಿಂದ ಶುರು ಮಾಡಿ, ಯಾರೋ ಬಂದರೆಂದು ಅರ್ಧಕ್ಕೆ ಬಿಟ್ಟು ಓಡಿದ್ದಾರೆ ಎಂದು ನಾವೆಲ್ಲ ನಂಬಿದ್ದೆವು.

“ಅರ್ಧಕ್ಕೆ ಬಿಟ್ಟಿಲ್ಲ ಕಣೋ. ಬಂದ ಕೆಲಸ ಮುಗಿಸಿಕೊಂಡೇ ಹೋಗಿದ್ದಾರೆ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೆಸರು ಇರಲಿ, ದಿವಂಗತ ಎನ್ನುವುದು ಬೇಡ ಎಂದು ಯಾರಿಗೋ ಅನ್ನಿಸಿದೆ.

ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದರು. ಮೈತುಂಬಾ ಅವಸರವಿರುವ ಮನುಷ್ಯ. ಬಂದವರೇ ತಮ್ಮ ಗೋಳು ತೋಡಿಕೊಂಡರು. ಬಟ್ಟೆ ಅಂಗಡಿಯವರು ಹೊಸ ದತ್ತಿ ಇಡಲು ಒಪ್ಪಿದ್ದರು, ಈಗ ನಮ್ಮ ತಾಯಿಯ ಹೆಸರನ್ನೂ ಹೀಗೇ ಕೆರೆಯಲು ಬಿಡುತ್ತೀರಾ ಎಂದು ಕೇಳುತ್ತಿದ್ದಾರೆ. ಸಂಜೆ ಮೇಷ್ಟ್ರ ವಿಷಯ ತೀರಿಸಿಬಿಟ್ಟರೆ ಎಲ್ಲರೂ ಮತ್ತೆ ಧೈರ್ಯವಾಗಿ ಕೊಡುತ್ತಾರೆ. ಅವರ ಲೆಕ್ಕ ಅಷ್ಟು ಸಲೀಸು.

ಚಿಕ್ಕಮ್ಮ ಆ ಹುಡುಗ ತೀರಿಕೊಂಡ ಸುದ್ದಿ ಮಂಡಳಿಗೆ ತಂದವರು ಯಾರು ಎಂದು ಕೇಳಿದಳು.

ತಾವೇ, ಎಂದರು ಕಾರ್ಯದರ್ಶಿ, ಸ್ವಲ್ಪ ಹೆಮ್ಮೆಯಿಂದ. ಆಗ ಕಟ್ಟಡ ನಿಧಿಗಾಗಿ ಹುಡುಗರು ಡಬ್ಬಿ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಯಜಮಾನರ ಮಗ ಬರುವುದು ನಿಂತಿತು. ವಿಚಾರಿಸಲು ಇವರು ಮನೆಗೆ ಹೋದರೆ ಯಜಮಾನರು ಬಾಗಿಲಲ್ಲೇ ನಿಂತು ಹೇಳಿದರಂತೆ. ಇವರಿಗೆ ಕಣ್ಣು ಕತ್ತಲಿಟ್ಟಿತಂತೆ. ಮಾರನೇ ದಿನವೇ ಸಂತಾಪ ಸಭೆ, ಮೌನ, ಮಂಡಳಿಗೆ ರಜೆ.

“ಅವರು ಹೇಳಿದ ಮಾತು ನೆನಪಿದೆಯಾ? ಅವರ ಬಾಯಲ್ಲಿ ಬಂದ ಹಾಗೇ ಹೇಳಿ.”

“ಮರೆಯೋಕ್ಕಾಗುತ್ತಾ ಮೇಡಂ? ಕಣ್ಣು ಕೆಂಪಗಾಗಿತ್ತು. ‘ಇನ್ನು ಅವನ ಸುದ್ದಿ ಎತ್ತಬೇಡಿ, ಅವನು ನಮ್ಮ ಪಾಲಿಗೆ ಸತ್ತ’ ಅಂದ್ರು.”

ಚಿಕ್ಕಮ್ಮ ಇನ್ನೊಂದು ಸಲ ಹೇಳಿ ಎಂದಳು. ಕಾರ್ಯದರ್ಶಿ ಮತ್ತೆ ಹೇಳತೊಡಗಿದರು. ‘ನಮ್ಮ ಪಾಲಿಗೆ’ ಎನ್ನುವಲ್ಲಿಗೆ ಬಂದಾಗ ಅವರ ಮಾತು ನಿಧಾನವಾಯಿತು. ತಮ್ಮ ಬಾಯಿಂದ ಬಂದದ್ದು ಮೊದಲ ಬಾರಿಗೆ ತಮ್ಮ ಕಿವಿಗೆ ಬಿದ್ದಂತೆ ನಿಂತುಬಿಟ್ಟರು.

ಎಲ್ಲಿ ತೀರಿಕೊಂಡ, ಹೇಗೆ ತೀರಿಕೊಂಡ ಎಂದು ಚಿಕ್ಕಮ್ಮ ಕೇಳುತ್ತಾ ಹೋದಳು. ಕೇಳಲು ಆಗ ಮನಸ್ಸು ಬರಲಿಲ್ಲವಂತೆ. ಬೇರೆ ಊರಿನಲ್ಲಿ ಅಪಘಾತ, ಅಲ್ಲೇ ಎಲ್ಲ ಮುಗಿಸಿದರು ಎಂದು ಜನ ಮಾತಾಡಿಕೊಂಡರಂತೆ. ಜನಕ್ಕೆ ಹೇಳಿದ್ದು ಯಾರು ಎಂದಾಗ ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

“ನಾನೇ ಹೇಳಿರಬೇಕು ಮೇಡಂ,” ಎಂದರು.

ಸಿಟ್ಟಿನಲ್ಲಿ ಅಪ್ಪನಾದವನು ಆಡಿದ ಮಾತನ್ನು ಸಾವಿನ ಸುದ್ದಿ ಮಾಡಿ ಕಲ್ಲಿನ ಮೇಲೆ ಕೆತ್ತಿಸಿದ ಮಹಾನುಭಾವನನ್ನು ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ. ನಾನೂ ಒಂದು ತೋಳಿನ ಪುಡಿಯಿಂದ ಮನುಷ್ಯನೊಬ್ಬನ ಮಾನ ಕಳೆದವನೇ.

ಪ್ರೆಸ್ಸು ಅಲ್ಲಿಂದ ಎರಡು ಬೀದಿ ಆಚೆ. ಮುಂದೆ ಯಂತ್ರಗಳು, ಹಿಂದೆ ಮನೆ, ನಡುವೆ ಒಂದು ಪರದೆ. ಔಷಧಿ ಬಾಟಲಿಗಳ ಲೇಬಲ್ಲು ಅಚ್ಚಾಗುತ್ತಿತ್ತು. ಯಜಮಾನರು ಎದ್ದು ನಿಂತು ಸ್ವಾಗತಿಸಿದರು, ಕುರ್ಚಿಯ ಧೂಳು ತಾವೇ ಒರೆಸಿದರು. ಕಲ್ಲಿನ ವಿಷಯಕ್ಕೆ ಇಷ್ಟು ತೊಂದರೆ ಯಾಕೆ ತಗೊಳ್ತೀರಿ, ಹೊಸದು ಕೆತ್ತಿಸಿಕೊಡುತ್ತೇನೆ, ಮೇಷ್ಟ್ರನ್ನೂ ಬಿಟ್ಟುಬಿಡಿ ಎಂದು ಹೇಳಿದರು. ಒಳ್ಳೆಯ ಮನುಷ್ಯ ಎಂದೇ ಊರಿನಲ್ಲಿ ಹೆಸರು.

ಚಿಕ್ಕಮ್ಮ ಕಾಗದ ಕತ್ತರಿಸುವ ಯಂತ್ರದ ಹತ್ತಿರ ಹೋಗಿ, ಇದರ ಅಲಗು ಹರಿತ ಮಾಡುವ ಸಾಣೆಕಲ್ಲು ಎಲ್ಲಿ ಎಂದು ವಿಚಾರಿಸಿದಳು. ಯಜಮಾನರು ಗೂಡಿನಲ್ಲಿ ಕೈಯಾಡಿಸಿದರು. ಎಣ್ಣೆ ಮೆತ್ತಿದ ಚೌಕಾಕಾರದ ಗುರುತಷ್ಟೇ ಅಲ್ಲಿತ್ತು. ಕೆಲಸದವರು ಎಲ್ಲೋ ಇಟ್ಟಿರಬೇಕು ಎಂದರು.

“ಯಜಮಾನ್ರೇ, ನಿಮ್ಮ ಮಗ ಸತ್ತಿಲ್ಲ, ಅಲ್ವಾ?”

ಅವರು ಯಂತ್ರ ನಿಲ್ಲಿಸುವಂತೆ ಕೈ ಮಾಡಿದರು. ಕೆಲಸದವರನ್ನು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿದರು. ಆಮೇಲೆ ಗಟ್ಟಿ ದನಿಯಲ್ಲಿ, ಹೆತ್ತವರ ಹುಣ್ಣನ್ನು ಕೆದಕುವುದೇ ನಿಮ್ಮ ಪತ್ತೇದಾರಿಕೆಯಾ ಎಂದು ಚಿಕ್ಕಮ್ಮನ ಮೇಲೆ ಎಗರಿದರು. ಅವಳು ಕುರ್ಚಿ ಎಳೆದುಕೊಂಡು ಕೂತಳು. ಸುಳ್ಳು ಹೇಳುವವರನ್ನು ಪೂರ್ತಿ ಹೇಳಲು ಬಿಡುವುದು ಅವಳ ಹಳೆಯ ಪದ್ಧತಿ.

ಅವರ ಮಾತು ಮುಗಿಯುವ ಮೊದಲೇ ಪರದೆ ಸರಿಯಿತು. ಯಜಮಾನರ ಹೆಂಡತಿ ಬಂದು ಬಟ್ಟೆಯಲ್ಲಿ ಸುತ್ತಿದ್ದ ಸಾಣೆಕಲ್ಲನ್ನು ಮೇಜಿನ ಮೇಲೆ ಇಟ್ಟರು. ಅದರ ಎಣ್ಣೆಯ ಜಿಡ್ಡಿಗೆ ಬಿಳಿ ಪುಡಿ ಹತ್ತಿಕೊಂಡಿತ್ತು.

“ಅವರನ್ನ ಕೇಳಬೇಡಿ. ತಿಕ್ಕಿದ್ದು ನಾನು,” ಎಂದರು ಆಕೆ.

ಯಜಮಾನರು ಕೂತುಬಿಟ್ಟರು. ಹೆಂಡತಿಯ ಮುಖವನ್ನೂ ನೋಡದೆ ಹಳೆಯದನ್ನೆಲ್ಲ ಹೇಳಿದರು. ಮಗನ ಕಪಾಟಿನಲ್ಲಿ ನಿಧಿಯ ಡಬ್ಬಿ ಒಡೆದು ಬಿದ್ದಿತ್ತು. ಅದರ ಮೇಲಿನ ಚೀಟಿಯನ್ನು ಅಚ್ಚು ಹಾಕಿದ್ದು ಇದೇ ಪ್ರೆಸ್ಸಿನಲ್ಲಿ. ಮಗನನ್ನು ಹೊಡೆದು ಹೊರಗೆ ಅಟ್ಟಿದರು. ಕಾರ್ಯದರ್ಶಿ ಬಂದಾಗ ಬಾಯಿಗೆ ಬಂದ ಮಾತು ಆಡಿದರು. ಮಾರನೇ ದಿನ ಮಂಡಳಿಯ ಮಕ್ಕಳೆಲ್ಲ ತಲೆ ತಗ್ಗಿಸಿಕೊಂಡು ಮನೆಯ ಮುಂದೆ ಬಂದು ನಿಂತರು.

“ಆಗಲೇ ಹೇಳಬೇಕಿತ್ತು. ಹೇಳಿದ್ರೆ ಅವನು ಯಾಕೆ ಮನೆ ಬಿಟ್ಟ ಅಂತ ಕೇಳ್ತಿದ್ರು. ಕಳ್ಳನ ಅಪ್ಪ ಅನ್ನಿಸಿಕೊಳ್ಳೋದಕ್ಕಿಂತ ಸತ್ತವನ ಅಪ್ಪ ಅನ್ನಿಸಿಕೊಳ್ಳೋದು ನನಗೆ ಸುಲಭ ಆಯ್ತಮ್ಮ.”

ದತ್ತಿ ಇಟ್ಟಿದ್ದು ಆಮೇಲೆ. ಸುಳ್ಳಿನ ಮೇಲೆ ಏನಾದರೂ ಒಳ್ಳೆಯದನ್ನು ಹೊದಿಸಬೇಕು ಎನ್ನಿಸಿತಂತೆ. ಪ್ರತಿ ವರ್ಷ ಪೆಟ್ಟಿಗೆ ಹಂಚುವಾಗ ಮಕ್ಕಳು ಬಂದು ಕೈ ಮುಗಿದರೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು ಎಂದರು. ಆ ಮನುಷ್ಯನ ಕತ್ತು ಕುಗ್ಗಿ ಅಂಗಿಯ ಕಾಲರಿನೊಳಗೆ ಇಳಿದಿತ್ತು. ನನಗೆ ಕನಿಕರವೂ ಆಯಿತು, ಕೆನ್ನೆಗೆ ಬಾರಿಸಬೇಕು ಎಂದೂ ಅನ್ನಿಸಿತು.

ಆಕೆ ಹೇಳಿದ್ದು ಕಡಿಮೆ. ಹೋದ ತಿಂಗಳು ಫೋನು ಬಂತು. ‘ಅಮ್ಮಾ’ ಎಂದಿತು ಆ ದನಿ, ಕಟ್ಟಾಯಿತು. ಗಂಡ ನಂಬಲಿಲ್ಲ, ಭ್ರಮೆ ಎಂದರು. ಅದಾದ ಕೆಲವೇ ದಿನಕ್ಕೆ ಅಡುಗೆಮನೆಯ ಸ್ವಿಚ್ಚು ಕೆಟ್ಟು ಒಬ್ಬ ಎಲೆಕ್ಟ್ರಿಷಿಯನ್ ಬಂದ. ಆಕೆಯ ಕಾಲ ಬುಡದಲ್ಲೇ ಪೆಟ್ಟಿಗೆ ತೆರೆದಿಟ್ಟ. ಮುಚ್ಚಳದಲ್ಲಿ ಮಗನ ಹೆಸರು, ಅದರ ಮುಂಚೆ ಆ ಅಕ್ಷರ.

“ಅಷ್ಟೊಂದು ಪೆಟ್ಟಿಗೆ ಎಲ್ಲಿ ಹುಡುಕಲಿ? ಕಲ್ಲು ಒಂದೇ ಇತ್ತು. ಮಂಡಳಿಗೆ ರಜೆ ಇದ್ದ ದಿನ ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ ತಿಕ್ಕಿಬಂದೆ.” ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಮೇಷ್ಟ್ರ ತಲೆಗೆ ಬಂತು ಅಂತ ಗೊತ್ತಾದ ಮೇಲೂ ಸುಮ್ಮನೆ ಇದ್ದೆನಲ್ಲ, ಅದಕ್ಕೆ ನನಗೆ ಕ್ಷಮೆ ಇಲ್ಲ.”

ಸಂಜೆ ಸಭೆಗೆ ಬಂದು ಇದನ್ನೇ ಹೇಳಬೇಕು ಎಂದಳು ಚಿಕ್ಕಮ್ಮ. ಯಜಮಾನರು ಗೋಗರೆದರು. ದತ್ತಿಯನ್ನು ಎರಡರಷ್ಟು ಮಾಡುತ್ತೇನೆ, ಮೇಷ್ಟ್ರಿಗೆ ಬೇಕಾದರೆ ಒಂದು ಮನೆ ಮಾಡಿಕೊಡುತ್ತೇನೆ, ಆದರೆ ಆ ಮಕ್ಕಳ ಮುಂದೆ ನಿಲ್ಲಿಸಬೇಡಿ ಎಂದರು. ಸುಳ್ಳು ಎಂದು ಗೊತ್ತಾದರೆ ಆ ಪೆಟ್ಟಿಗೆಗಳಿಗೆ ಏನು ಮರ್ಯಾದೆ ಉಳಿಯುತ್ತದೆ?

“ಪೆಟ್ಟಿಗೆಗೆ ಏನೂ ಆಗಲ್ಲ, ಒಳಗಿರೋದು ಸುತ್ತಿಗೆ, ಇಕ್ಕಳ. ನೀವು ಇವತ್ತು ಬಾಯಿ ಮುಚ್ಚಿಕೊಂಡ್ರೆ ಬೀದಿಗೆ ಬೀಳೋದು ಮೇಷ್ಟ್ರು. ಅವರಿಗೆ ಆಗಿರೋ ಅವಮಾನದಲ್ಲಿ ನನ್ನ ಪಾಲೂ ಇದೆ. ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ.”

ಯಜಮಾನರು ಕೈಯ ಮಸಿ ತೊಳೆಯಲು ಹೋದರು. ಸೋಪು ಹಚ್ಚಿ ಹಚ್ಚಿ ತೊಳೆಯುತ್ತಲೇ ಇದ್ದರು. ಕೊನೆಗೆ ಹೆಂಡತಿಯೇ ನಲ್ಲಿ ನಿಲ್ಲಿಸಿ ಟವೆಲು ಕೊಟ್ಟರು.

ಹಾಲಿನಲ್ಲಿ ವಿಶ್ವಸ್ತರು ಸಾಲಾಗಿ ಕೂತಿದ್ದರು. ಮಂಡಳಿಯ ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಮೇಷ್ಟ್ರು ಒಂಟಿ ಕುರ್ಚಿಯಲ್ಲಿ, ಕಾಲ ಬಳಿ ಕಟ್ಟಿದ ಚೀಲ. ಬಟ್ಟೆಬರೆ ಕಟ್ಟಿಕೊಂಡೇ ಬಂದಿದ್ದರು.

ಚಿಕ್ಕಮ್ಮ ಪೀಠಿಕೆ ಹಾಕಲಿಲ್ಲ. “ಹೋದ ವಾರ ನಾನು ಹೇಳಿದ್ದು ತಪ್ಪು. ಮೇಷ್ಟ್ರು ಕಲ್ಲನ್ನ ಕೆಡಿಸಲಿಲ್ಲ. ನಾಲ್ಕು ಜನರ ಎದುರಿಗೆ ಆಡಿದ ಮಾತನ್ನ ನಾಲ್ಕು ಜನರ ಎದುರಿಗೇ ವಾಪಸ್ ತಗೊಳ್ತಿದ್ದೀನಿ. ನನಗೆ ನಾಚಿಕೆ ಆಗ್ತಿದೆ.” ನಾನು ಜೇಬಿನಿಂದ ಆ ಫೋಟೋ ತೆಗೆದು ಎಲ್ಲರೂ ನೋಡುವಂತೆ ಹರಿದೆ. ನಾಟಕದಂತೆ ಕಂಡಿತೋ ಏನೋ, ಆದರೆ ನನಗೆ ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಆಮೇಲೆ ಯಜಮಾನರು ಎದ್ದರು. ಡಬ್ಬಿ, ಹೊಡೆತ, ಬಾಗಿಲಲ್ಲಿ ಆಡಿದ ಮಾತು, ಫೋನು ಎಲ್ಲವನ್ನೂ ಹೇಳಿದರು. ಮಗ ಬದುಕಿದ್ದಾನೆ ಎಂದರು. ದನಿ ಎರಡು ಸಲ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಕಾರ್ಯದರ್ಶಿಗಳು ಕನ್ನಡಕ ತೆಗೆದಿಟ್ಟು ಮೇಜನ್ನೇ ನೋಡುತ್ತಿದ್ದರು. ಅಷ್ಟು ವರ್ಷ ತಾವು ಕೈ ಮುಗಿದದ್ದು ಯಾರ ನೆನಪಿಗೆ ಎಂದು ಮಕ್ಕಳೆಲ್ಲ ಯೋಚಿಸುತ್ತಿದ್ದಂತಿತ್ತು.

ವಿಶ್ವಸ್ತರ ಹಿರಿಯರು ಎದ್ದು ಬಂದು ಮೇಷ್ಟ್ರ ಕೈ ಹಿಡಿದುಕೊಂಡರು. ಮೇಷ್ಟ್ರು ಈಗಲಾದರೂ ನಗುತ್ತಾರೆ ಎಂದುಕೊಂಡೆ. ಅವರು ಹಿರಿಯರ ಕೈ ಬಿಡಿಸಿಕೊಂಡು ನೇರವಾಗಿ ಯಜಮಾನರ ಹೆಂಡತಿಯ ಮುಂದೆ ಬಂದು ನಿಂತರು.

“ನೀವು ಸುಳ್ಳು ಹೇಳಿದ್ದು ನನಗೆ ಗೊತ್ತಿತ್ತು ತಾಯಿ,” ಎಂದರು.

ಕಲ್ಲು ಹಾಕಿದ ಮಾರನೇ ವರ್ಷ ದೂರದ ಊರಿನ ಆಸ್ಪತ್ರೆಯಿಂದ ಮಂಡಳಿಗೆ ಫೋನು ಬಂದಿತ್ತಂತೆ. ರೈಲು ಹಳಿಯ ಹತ್ತಿರ ಸಿಕ್ಕ ಒಬ್ಬ ಹುಡುಗನ ಹೆಣ, ಕೇಳುವವರು ಯಾರೂ ಇಲ್ಲ, ಮೈಮೇಲೆ ಈ ಮಂಡಳಿಯ ಬನಿಯನ್ನು. ಫೋನು ಎತ್ತಿದವರು ಮೇಷ್ಟ್ರು. ಯಾರಿಗೂ ಹೇಳದೆ ಒಬ್ಬರೇ ಹೋದರು.

“ನಾನೇ ನನ್ನ ಕೈಯಾರೆ ಮಣ್ಣು ಮಾಡಿ ಬಂದೆ. ಆ ‘ದಿ’ ಹೇಗೂ ನಿಜ ಆಗಿತ್ತು. ನೀವು ಮುಚ್ಚಿಟ್ಟಿದ್ದನ್ನ ನಾನು ಬಿಚ್ಚಿದ್ರೆ ನಿಮಗೆ ಇನ್ನೊಂದು ಅವಮಾನ, ಸುಮ್ಮನಾದೆ. ಹೋದ ವಾರ ಅದು ಅಳಿಸಿದ್ದು ನೋಡಿದಾಗ ನಿಮ್ಮಲ್ಲಿ ಒಬ್ಬರು ಇನ್ನೂ ಕಾಯ್ತಿದ್ದೀರಿ ಅಂತ ಗೊತ್ತಾಯ್ತು. ಬಾಯಿ ಬಿಟ್ಟು ಹೇಳೋ ಧೈರ್ಯ ಬರಲಿಲ್ಲ.”

ಯಜಮಾನರು ಗೋಡೆ ಹಿಡಿದುಕೊಂಡರು. ಚಿಕ್ಕಮ್ಮ ಅವರ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಇಂಥ ಗಾಬರಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಯಜಮಾನರ ಹೆಂಡತಿ ಮಾತ್ರ ಅಲುಗಲಿಲ್ಲ, ಅಳಲೂ ಇಲ್ಲ.

“ಫೋನಿನಲ್ಲಿ ಕರೆದಿದ್ದು ನನ್ನ ಮಗ. ಅವನ ದನಿ ನನಗೆ ಗೊತ್ತಾಗಲ್ವಾ ಮೇಷ್ಟ್ರೇ?” ಆಕೆ ಒಂದು ಹೆಜ್ಜೆ ಮುಂದೆ ಬಂದರು. “ನೀವು ಮುಖ ನೋಡಿದ್ರಾ?”

ಮೇಷ್ಟ್ರ ಕಣ್ಣಲ್ಲಿ ಮೊದಲು ಬಂದದ್ದು ಅನುಮಾನ, ಅದರ ಹಿಂದೆಯೇ ಹೆದರಿಕೆ.

“ಮುಖ ನೋಡೋ ಹಾಗಿರಲಿಲ್ಲ ತಾಯಿ. ಬನಿಯನ್ನಿನ ಮೇಲೆ ಹೊಲಿದಿದ್ದ ಹೆಸರು ಓದಿ ಅವನೇ ಅಂತ ಒಪ್ಪಿಕೊಂಡೆ.”